ನಿಮಗಿದು ಗೊತ್ತೇ? ಫ್ಯೂಸ್ ಕಾಯುವುದು ತಂತಿಯನ್ನು, ನಿಮ್ಮನ್ನಲ್ಲ

ಬಾಗಿಲು ದಾಟಿದ ಕೂಡಲೇ ಗೋಡೆಯ ಮೇಲೊಂದು ಮರದ ಹಲಗೆ, ಅದರ ಮೇಲೆ ಮೀಟರು, ಪಕ್ಕದಲ್ಲಿ ಕಬ್ಬಿಣದ ಮೇನ್ ಸ್ವಿಚ್, ಕೆಳಗೆ ಸಾಲಾಗಿ ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್‌ಗಳು. ನಮ್ಮ ರಾಜ್ಯದ ಎಷ್ಟೋ ಹಳೆಯ ಮನೆಗಳಲ್ಲಿ ಈ ನೋಟ ಇಂದಿಗೂ ಇದೆ. ಮನೆಗೆ ಗೀಸರ್ ಬಂತು, ವಾಷಿಂಗ್ ಮೆಷಿನ್ ಬಂತು, ಇಂಡಕ್ಷನ್ ಒಲೆ ಬಂತು, ಇನ್ವರ್ಟರ್ ಬಂತು. ಹಲಗೆ ಮಾತ್ರ ಇದ್ದ ಹಾಗೇ ಇದೆ. ಈ ಸಲದ ಅಂಕಣ ಆ ಹಲಗೆಗೆ ಮೀಸಲು. ಅದನ್ನು ಬದಲಿಸಲು ಹೊರಟವರು ಓದಿ. ‘ಇಷ್ಟು ವರ್ಷ ಏನೂ ಆಗಿಲ್ಲವಲ್ಲ’ ಎನ್ನುವವರು ಇನ್ನೂ ಗಮನವಿಟ್ಟು ಓದಿ.

● ವಿದ್ಯುತ್ ದೀಪಗಳ ಸುರಕ್ಷತೆಗಾಗಿ ಕರಗುವ ತಂತಿಗೆ ಥಾಮಸ್ ಆಲ್ವಾ ಎಡಿಸನ್ ಪೇಟೆಂಟ್ ಪಡೆದದ್ದು 1880ರಲ್ಲಿ. ಬೆಂಗಳೂರಿನಲ್ಲಿ ವಿದ್ಯುತ್ ದೀಪ ಬೆಳಗಿದ್ದು 1905ರ ಆಗಸ್ಟ್‌ನಲ್ಲಿ. ನಮ್ಮೂರಿನ ಕರೆಂಟಿಗಿಂತ ಫ್ಯೂಸ್ 25 ವರ್ಷ ಹಿರಿಯದು. ತತ್ತ್ವ ಅಂದಿನಿಂದ ಇಂದಿನವರೆಗೆ ಒಂದೇ: ಕರೆಂಟು ಮಿತಿ ಮೀರಿದರೆ ಸಣ್ಣ ತಂತಿ ಕರಗಿ, ದೊಡ್ಡ ತಂತಿ ಉಳಿಯಲಿ.

● ‘ದೊಡ್ಡ ತಂತಿ ಉಳಿಯಲಿ’ ಎಂದದ್ದನ್ನು ಗಮನಿಸಿ. ಫ್ಯೂಸ್ ಇರುವುದು ಗೋಡೆಯೊಳಗಿನ ವೈರಿಂಗ್ ಸುಟ್ಟುಹೋಗದಿರಲಿ ಎಂದು. ಮನುಷ್ಯನಿಗೆ ಶಾಕ್ ಹೊಡೆದರೆ ಅದು ಕಾಪಾಡುವುದಿಲ್ಲ, ಕಾಪಾಡಲು ಸಾಧ್ಯವೂ ಇಲ್ಲ. ಲೆಕ್ಕ ಹೀಗಿದೆ. ಮೈ ಒದ್ದೆಯಾಗಿದ್ದಾಗ ನಮ್ಮ ದೇಹದ ರೋಧ ಸುಮಾರು 1000 ಓಮ್‌ಗೆ ಇಳಿಯಬಹುದು. 230 ವೋಲ್ಟ್ ತಗುಲಿದರೆ ಹರಿಯುವ ಕರೆಂಟು 230 ಮಿಲಿಆಂಪಿಯರ್. 5 ಆಂಪಿಯರ್ ಫ್ಯೂಸ್ ಎಂದರೆ 5000 ಮಿಲಿಆಂಪಿಯರ್. ಮನುಷ್ಯ ಸತ್ತರೂ ಫ್ಯೂಸಿಗೆ ಬಿಸಿ ತಟ್ಟುವುದಿಲ್ಲ.

● ಒಂಬತ್ತು ವಾಟಿನ ಒಂದು ಎಲ್‌ಇಡಿ ಬಲ್ಬ್ ಎಳೆದುಕೊಳ್ಳುವ ಕರೆಂಟು ಸುಮಾರು 40 ಮಿಲಿಆಂಪಿಯರ್. ಅಷ್ಟೇ ಕರೆಂಟು ಎದೆಯ ಮೂಲಕ ಕೆಲವು ಕ್ಷಣ ಹರಿದರೆ ಹೃದಯದ ಬಡಿತ ತಾಳ ತಪ್ಪುವ ಅಪಾಯ ಶುರುವಾಗುತ್ತದೆ.

● ‘ಕರೆಂಟು ಹಿಡಿದುಕೊಂಡುಬಿಡ್ತು’ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುತ್ತಾರಲ್ಲ, ಅದು ನಿಜ. ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್ಜಿಯೆಲ್ ಸ್ವಯಂಸೇವಕರ ಮೇಲೆ ಇದನ್ನು ಅಳೆದರು. ಕೈಯಲ್ಲಿ ಹಿಡಿದ ತಂತಿಯನ್ನು ತಾನಾಗಿ ಬಿಡಿಸಿಕೊಳ್ಳಲು ಆಗುವ ಕರೆಂಟಿನ ಮಿತಿ ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ 10.5. ಅದಕ್ಕಿಂತ ಹೆಚ್ಚಾದರೆ ಮುಂಗೈಯ ಸ್ನಾಯುಗಳು ಬಿಗಿದುಕೊಂಡು ಮುಷ್ಟಿ ತೆರೆಯುವುದೇ ಇಲ್ಲ. ಇದೇ ಡಾಲ್ಜಿಯೆಲ್ 1960ರ ದಶಕದ ಆರಂಭದಲ್ಲಿ, ಸೋರಿಕೆ ಕಂಡ ತಕ್ಷಣ ಕರೆಂಟು ಕಡಿಯುವ ಸಾಧನವೊಂದನ್ನು ರೂಪಿಸಿದರು. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಆರ್‌ಸಿಸಿಬಿ ಅದರ ಬಳಗದ್ದೇ.

● ಈಗ ಆ ಪಿಂಗಾಣಿ ಫ್ಯೂಸನ್ನು ಹತ್ತಿರದಿಂದ ನೋಡೋಣ. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಅದನ್ನು ಕಿತ್ತು ಕೈಗೆ ಕೊಟ್ಟಾಗ ಮೂರು ವಿಷಯ ನೋಡಿ. ಒಂದು, ಪಿಂಗಾಣಿಯ ಮೈಮೇಲೆ ಕಂದು ಇಲ್ಲವೇ ಕಪ್ಪು ಕಲೆ ಇದೆಯೇ. ಇದ್ದರೆ ಅಲ್ಲಿ ಕಿಡಿ ಹಾರಿದೆ, ಅಥವಾ ಸ್ಕ್ರೂ ಸಡಿಲವಾಗಿ ಬಹುಕಾಲ ಬಿಸಿಯಾಗಿದೆ. ಎರಡು, ಹಿತ್ತಾಳೆಯ ನಾಲಗೆಗಳು ಹಸಿರುಗಟ್ಟಿವೆಯೇ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಒಂದೆರಡು ಮಳೆಗಾಲಕ್ಕೇ ಈ ಕಿಲುಬು ಕಾಣಿಸುತ್ತದೆ. ಮೂರನೆಯದೇ ಮುಖ್ಯ: ಒಳಗೆ ಕಟ್ಟಿರುವ ತಂತಿ ಎಷ್ಟು ಎಳೆ?

● ಒಂದು ಚದರ ಮಿಲಿಮೀಟರಿನ ಸಾಮಾನ್ಯ ವೈರಿನೊಳಗೆ 0.3 ಮಿ.ಮೀ. ದಪ್ಪದ 14 ಎಳೆಗಳಿರುತ್ತವೆ. ಅಂಥ ಒಂದೇ ಎಳೆ ಕರಗಲು ಸುಮಾರು 13 ಆಂಪಿಯರ್ ಬೇಕು. ಫ್ಯೂಸ್ ಪದೇ ಪದೇ ಹೋಗುವ ಮನೆಗೆ ಬಂದವರು ಏನು ಮಾಡುತ್ತಾರೆ? ‘ಅಮ್ಮಾ, ಮೂರು ಎಳೆ ಹಾಕಿದೀನಿ, ಇನ್ನು ಹೋಗಲ್ಲ ಬಿಡಿ’ ಎನ್ನುತ್ತಾರೆ. ಅವರು ಹೇಳಿದ್ದು ಸರಿ, ಇನ್ನು ಫ್ಯೂಸ್ ಹೋಗುವುದಿಲ್ಲ. ಹೋಗುವುದು ಗೋಡೆಯೊಳಗಿನ ವೈರು. ಒಂದು ಮಿ.ಮೀ. ದಪ್ಪದ ತಾಮ್ರದ ತುಂಡನ್ನೇ ಕಟ್ಟಿಬಿಟ್ಟರಂತೂ ಅದು ಕರಗಲು 80 ಆಂಪಿಯರಿನ ಆಸುಪಾಸು ಹರಿಯಬೇಕು. ಅಷ್ಟು ಹೊತ್ತಿಗೆ ಮನೆಯ ವೈರಿಂಗಿನ ಹೊದಿಕೆ ಎಂದೋ ಕರಗಿ ಹೊಗೆಯಾಡುತ್ತಿರುತ್ತದೆ. ಕಿಟ್‌ಕ್ಯಾಟ್ ಫ್ಯೂಸಿನ ನಿಜವಾದ ದೋಷ ಇದು: ಯಾರು ಬೇಕಾದರೂ, ಯಾವ ತಂತಿಯನ್ನು ಬೇಕಾದರೂ ಅದರಲ್ಲಿ ಕಟ್ಟಬಹುದು.

● ಸರಿಯಾದ ತಂತಿ ಕಟ್ಟಿದರೂ ಅದು ಸೋಮಾರಿಯೇ. ತಂತಿ ಕಟ್ಟುವ ಫ್ಯೂಸ್ ಸಾಮಾನ್ಯವಾಗಿ ತನ್ನ ಮೇಲೆ ಬರೆದ ಆಂಪಿಯರಿನ ಹತ್ತಿರ ಹತ್ತಿರ ಎರಡರಷ್ಟು ಹರಿದಾಗಲೇ ಕರಗುತ್ತದೆ.

● ಹಳೆಯ ಬೋರ್ಡುಗಳಲ್ಲಿ ಫೇಸಿಗೊಂದು, ನ್ಯೂಟ್ರಲ್‌ಗೊಂದು ಎಂದು ಜೋಡಿ ಫ್ಯೂಸ್ ಹಾಕುತ್ತಿದ್ದರು. ನೋಡಲು ಎರಡು ಪಟ್ಟು ಭದ್ರ, ವಾಸ್ತವದಲ್ಲಿ ಅಪಾಯ. ನ್ಯೂಟ್ರಲ್ ಫ್ಯೂಸ್ ಮಾತ್ರ ಹೋಯಿತೆನ್ನಿ. ದೀಪ ಆರುತ್ತದೆ, ಫ್ಯಾನ್ ನಿಲ್ಲುತ್ತದೆ. ಕರೆಂಟ್ ಇಲ್ಲವೆಂದು ನೀವು ಸ್ಟೂಲು ಹತ್ತಿ ಹೋಲ್ಡರಿಗೆ ಕೈ ಹಾಕುತ್ತೀರಿ. ಫೇಸ್ ಅಲ್ಲಿ ಪೂರ್ತಿ 230 ವೋಲ್ಟಿನಲ್ಲಿ ಕಾದಿರುತ್ತದೆ. ನ್ಯೂಟ್ರಲ್‌ಗೆ ಫ್ಯೂಸ್ ಹಾಕುವುದನ್ನು ಇಂದಿನ ನಿಯಮ ನಿಷೇಧಿಸಿದೆ. ನಿಮ್ಮ ಮನೆಯಲ್ಲಿ ಇಂಥ ಜೋಡಿ ಇದ್ದರೆ, ಬೋರ್ಡ್ ಬದಲಿಸಲು ಅದೊಂದೇ ಕಾರಣ ಸಾಕು.

● ಟೆಸ್ಟರ್ ದೀಪ ಉರಿದರೆ ಫೇಸ್ ಇದೆ ಎಂದು ಅರ್ಥ. ಉರಿಯದಿದ್ದರೆ ಇಲ್ಲವೆಂದು ಅರ್ಥವಲ್ಲ. ಒಣಗಿದ ಮರದ ಸ್ಟೂಲಿನ ಮೇಲೆ ನಿಂತವರಿಗೆ ಆ ದೀಪ ಸುಳ್ಳು ಹೇಳಬಲ್ಲದು.

● ಫ್ಯೂಸಿನ ಬದಲಿಗೆ ಮನೆಗಳಲ್ಲಿ ಇಂದು ಕಾಣುವ ಎಂಸಿಬಿಯ ಮೂಲ ಜರ್ಮನಿಯ ಮಾನ್‌ಹೈಮ್. ಹ್ಯೂಗೋ ಸ್ಟೋಟ್ಸ್ ಅವರ ಕಂಪನಿ 1924ರಲ್ಲಿ ಅದಕ್ಕೆ ಪೇಟೆಂಟ್ ಪಡೆಯಿತು. ಆ ಪುಟ್ಟ ಪೆಟ್ಟಿಗೆಯೊಳಗೆ ಕಾವಲುಗಾರರು ಇಬ್ಬರು. ನಿಧಾನವಾಗಿ ಲೋಡ್ ಹೆಚ್ಚಾದರೆ ಎರಡು ಲೋಹದ ಪಟ್ಟಿ ಬಿಸಿಯಾಗಿ ಬಾಗಿ ಕೊಂಡಿ ಬಿಡಿಸುತ್ತದೆ. ಶಾರ್ಟ್ ಸರ್ಕ್ಯೂಟ್ ಆದರೆ ಸುರುಳಿಯ ಅಯಸ್ಕಾಂತ ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಅದೇ ಕೊಂಡಿಯನ್ನು ಹೊಡೆದು ಬೀಳಿಸುತ್ತದೆ.

● ಎಂಸಿಬಿಯ ಕಡ್ಡಿ ಕೆಳಗೆ ಬೀಳದಂತೆ ಟೇಪ್ ಸುತ್ತಿದರೂ, ಬೆರಳಿನಿಂದ ಒತ್ತಿ ಹಿಡಿದರೂ ಒಳಗಿನ ಸಂಪರ್ಕ ತಪ್ಪಿಯೇ ತಪ್ಪುತ್ತದೆ. ಹಾಗೆಂದೇ ಅದನ್ನು ವಿನ್ಯಾಸ ಮಾಡಲಾಗಿದೆ. ಮೂರು ಎಳೆಯ ಉಪಾಯ ಇಲ್ಲಿ ನಡೆಯುವುದಿಲ್ಲ.

● ಎಂಸಿಬಿ ಮೇಲೆ ‘ಸಿ 16’ ಎಂದಿದೆಯೇ? 16 ಎಂದರೆ ಆಂಪಿಯರ್. ಸಿ ಎಂದರೆ ಅಯಸ್ಕಾಂತ ಯಾವಾಗ ಎಚ್ಚರಗೊಳ್ಳುತ್ತದೆ ಎಂಬ ಸೂಚನೆ: 16ರ ಐದರಿಂದ ಹತ್ತು ಪಟ್ಟಿನ ನಡುವೆ. ಬಿ ಮಾದರಿಯಲ್ಲಿ ಮೂರರಿಂದ ಐದು ಪಟ್ಟು. ಮೋಟಾರು ಇರುವ ಸಾಲಿಗೆ, ಎಂದರೆ ಫ್ರಿಜ್, ಗ್ರೈಂಡರ್, ಸಂಪಿನ ಪಂಪ್ ಇರುವಲ್ಲಿಗೆ ಸಿ ಮಾದರಿ ಬಳಸುತ್ತಾರೆ. ಮೋಟಾರು ಶುರುವಾಗುವ ಗಳಿಗೆಯಲ್ಲಿ ಎಳೆಯುವ ಹೆಚ್ಚಿನ ಕರೆಂಟಿಗೆ ಅದು ಬೀಳುವುದಿಲ್ಲ.

● 16 ಆಂಪಿಯರ್ ಎಂಸಿಬಿ 17 ಆಂಪಿಯರಿಗೆ ಬೀಳುತ್ತದೆಂದು ತಿಳಿದಿದ್ದೀರಾ? ಇಲ್ಲ. ಮಾನದಂಡದ ಪ್ರಕಾರ 1.13 ಪಟ್ಟು ಕರೆಂಟನ್ನು ಅದು ಒಂದು ಗಂಟೆ ತಡೆದುಕೊಳ್ಳಬೇಕು, 1.45 ಪಟ್ಟಾದರೆ ಒಂದು ಗಂಟೆಯೊಳಗೆ ಬೀಳಬೇಕು. ಹಾಗಾಗಿ 23 ಆಂಪಿಯರ್ ಹರಿದರೂ ಅದು ಬಹಳ ಹೊತ್ತು ಸುಮ್ಮನಿರಬಹುದು. ಈ 23 ಎಂಬ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

● ಎಂಸಿಬಿಯ ಆಂಪಿಯರನ್ನು ಗೀಸರ್ ನೋಡಿ ಆರಿಸಬಾರದು, ಗೋಡೆಯೊಳಗಿನ ವೈರ್ ನೋಡಿ ಆರಿಸಬೇಕು. ದೀಪ ಮತ್ತು ಫ್ಯಾನಿನ 1.5 ಚದರ ಮಿ.ಮೀ. ವೈರಿಗೆ 6 ಅಥವಾ 10 ಆಂಪಿಯರ್, 2.5ರ ವೈರಿಗೆ 16, 4ರ ವೈರಿಗೆ 20 ಅಥವಾ 25: ಇದು ಮನೆಗಳಲ್ಲಿ ರೂಢಿಯಲ್ಲಿರುವ ಜೋಡಣೆ. ಹಳೆಯ ಮನೆಯ ಸಣ್ಣ ವೈರ್ ಹಾಗೇ ಬಿಟ್ಟು, ‘ಗೀಸರ್ ಹಾಕಿದಾಗ ಬೀಳ್ತಾ ಇದೆ’ ಎಂದು 32ರ ಎಂಸಿಬಿ ಕೂರಿಸುವುದು ಫ್ಯೂಸಿನಲ್ಲಿ ಮೂರು ಎಳೆ ಕಟ್ಟಿದ್ದಕ್ಕೆ ಸಮ. ಎಂಸಿಬಿಗಳನ್ನು ಕೂರಿಸುವ ಹೊಳೆಯುವ ಹೊಸ ಡಿಬಿ ಬಾಕ್ಸಿನೊಳಗೆ ಹಳೆಯ ಅಪಾಯವೇ ಕೂತಿರುತ್ತದೆ. ಇಂಥ ಕೆಲಸ ದಿನವೂ ನಡೆಯುತ್ತಿದೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

● ಮೂರು ಕಿಲೋವಾಟಿನ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಎರಡು ಕಿಲೋವಾಟಿನ ಇಂಡಕ್ಷನ್ ಒಲೆ ಸುಮಾರು 9. ಬೆಳಗ್ಗೆ ಆರೂವರೆಗೆ ಎರಡೂ ಒಟ್ಟಿಗೆ ನಡೆಯುವ ಮನೆಯಲ್ಲಿ, ಮಿಕ್ಸಿ, ಪಂಪ್ ಸೇರುವ ಮೊದಲೇ 22 ಆಂಪಿಯರ್. ದೀಪ, ಫ್ಯಾನು, ರೇಡಿಯೊ ಮಾತ್ರ ಇದ್ದ ಕಾಲಕ್ಕೆ ಎಳೆದ ವೈರಿಂಗ್ ಇದನ್ನು ಎಂದೂ ಲೆಕ್ಕ ಹಾಕಿರಲಿಲ್ಲ. ಕರೆಂಟ್ ಬಿಲ್ಲಿನಲ್ಲಿ ನಿಮಗೆ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಎಂದು ಇರುತ್ತದೆ. ಬೋರ್ಡ್ ಬದಲಿಸುವ ಮೊದಲು ಆ ಸಂಖ್ಯೆ ನೋಡಿ.

● ತಾಮ್ರ ಕೈಗೆಟುಕದ ಕಾಲದಲ್ಲಿ ಎಷ್ಟೋ ಮನೆಗಳಿಗೆ ಅಲ್ಯುಮಿನಿಯಂ ವೈರ್ ಹಾಕಿದ್ದರು. ಅದರ ತುದಿಯನ್ನು ಹೊಸ ತಾಮ್ರದ ವೈರಿಗೆ ತಿರುಚಿ ಟೇಪ್ ಸುತ್ತಿದರೆ, ಕೆಲವು ಕಾಲದಲ್ಲೇ ಆ ಗಂಟು ಸಡಿಲವಾಗಿ ಬಿಸಿಯೇರುತ್ತದೆ. ಅಲ್ಯುಮಿನಿಯಂ ಮೇಲೆ ಕರೆಂಟು ಹರಿಯದ ಪೊರೆ ಕಟ್ಟುತ್ತದೆ, ಒತ್ತಡಕ್ಕೆ ಲೋಹ ಮೆಲ್ಲಗೆ ಜರುಗುತ್ತದೆ.

● ಸಡಿಲ ಗಂಟಿನ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. ‘ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ’ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಶಾರ್ಟ್ ಸರ್ಕ್ಯೂಟ್ ಇಲ್ಲದೆಯೂ ಬೆಂಕಿ ಏಳಬಹುದು. ಒಂದು ಸ್ಕ್ರೂ ಸಡಿಲವಾಗಿ ಅಲ್ಲಿ ಅರ್ಧ ಓಮ್ ರೋಧ ಹುಟ್ಟಿತೆನ್ನಿ. 10 ಆಂಪಿಯರ್ ಹರಿದರೆ ಆ ಒಂದು ಬಿಂದುವಿನಲ್ಲಿ ಹುಟ್ಟುವ ಶಾಖ 50 ವಾಟ್. ಬೆಸುಗೆ ಹಾಕುವ ಸಾಮಾನ್ಯ ಸೋಲ್ಡರಿಂಗ್ ಐರನ್ನಿನದು 25 ವಾಟ್. ಫ್ಯೂಸಿಗೂ ಎಂಸಿಬಿಗೂ ಆರ್‌ಸಿಸಿಬಿಗೂ ಇದು ತಿಳಿಯುವುದಿಲ್ಲ, ಏಕೆಂದರೆ ಹರಿಯುತ್ತಿರುವ ಕರೆಂಟು ಮಿತಿಯೊಳಗೇ ಇದೆ, ಸೋರಿಕೆಯೂ ಇಲ್ಲ. ತಿಳಿಯಬೇಕಾದವರು ಮನೆಯವರೇ: ಪ್ಲಗ್ ಬಿಸಿ, ಸ್ವಿಚ್‌ಬೋರ್ಡಿನಲ್ಲಿ ಹಳದಿ ಕಲೆ, ಮೀನು ಕೊಳೆತಂಥ ಇಲ್ಲವೇ ಪ್ಲಾಸ್ಟಿಕ್ ಸುಟ್ಟ ವಾಸನೆ, ಚಟಪಟ ಸದ್ದು, ಗೀಸರ್ ಹಾಕಿದಾಗ ದೀಪ ಮಂಕಾಗುವುದು. ಇವುಗಳಲ್ಲಿ ಒಂದು ಕಂಡರೂ ಅಂದೇ ಎಲೆಕ್ಟ್ರಿಷಿಯನ್ನನ್ನು ಕರೆಸಿ.

● ಇನ್ನು ಅರ್ತಿಂಗ್. ನಮ್ಮಲ್ಲಿ ಕಂಬದಿಂದ ಮನೆಗೆ ಬರುವುದು ಸಾಮಾನ್ಯವಾಗಿ ಫೇಸ್ ಮತ್ತು ನ್ಯೂಟ್ರಲ್ ಎರಡೇ. ಅರ್ತ್ ಮನೆಯವರದೇ ಹೊಣೆ. ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಪೈಪೋ ಪ್ಲೇಟೋ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬುತ್ತಿದ್ದದ್ದು ಅದಕ್ಕೇ. ಮಣ್ಣು ಒಣಗಿದರೆ ರೋಧ ಏರುತ್ತದೆ. ಬೇಸಿಗೆಯಲ್ಲಿ ಆ ಗುಂಡಿಗೆ ಬಿಂದಿಗೆ ನೀರು ಹೊಯ್ಯುತ್ತಿದ್ದ ಹಿರಿಯರ ಪದ್ಧತಿ ಶಾಸ್ತ್ರೀಯವಾಗಿಯೂ ಸರಿ.

● ಗುಂಡಿ ತೋಡದ ಮನೆಗಳಲ್ಲಿ ಅರ್ತ್ ತಂತಿಯನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಕಟ್ಟುತ್ತಿದ್ದರು. ಆಮೇಲೆ ಪ್ಲಂಬರ್ ಬಂದು ಆ ಪೈಪ್ ತೆಗೆದು ಪಿವಿಸಿ ಹಾಕಿದ. ನೀರು ಚೆನ್ನಾಗಿ ಬಂತು, ಅರ್ತ್ ಹೋಯಿತು. ಯಾರಿಗೂ ಗೊತ್ತಾಗಲಿಲ್ಲ.

● ಈಗ ಆ 23. ನಿಮ್ಮ ಅರ್ತಿನ ದಾರಿಯ ಒಟ್ಟು ರೋಧ 10 ಓಮ್ ಇದೆಯೆನ್ನಿ, ಇದು ಕೆಟ್ಟ ಅರ್ತೇನೂ ಅಲ್ಲ. ಗೀಸರ್ ಒಳಗೆ ಫೇಸ್ ತಂತಿ ಲೋಹದ ಮೈಗೆ ತಗುಲಿತು. ಹರಿಯುವ ಕರೆಂಟು 230ನ್ನು 10ರಿಂದ ಭಾಗಿಸಿದರೆ 23 ಆಂಪಿಯರ್. 16ರ ಎಂಸಿಬಿ ಇದಕ್ಕೆ ಬೀಳಲು ಗಂಟೆಯಾದರೂ ಹಿಡಿಯಬಹುದೆಂದು ಮೇಲೆ ನೋಡಿದೆವು. ಅಷ್ಟೂ ಹೊತ್ತು ಗೀಸರಿನ ಮೈಯಲ್ಲಿ ಕರೆಂಟು ಇರುತ್ತದೆ, ಒಳಗೆ ಯಾರೋ ಸ್ನಾನ ಮಾಡುತ್ತಿರುತ್ತಾರೆ. ಕಿಟ್‌ಕ್ಯಾಟ್ ತೆಗೆದು ಎಂಸಿಬಿ ಹಾಕಿಸಿದರೆ ಕೆಲಸ ಮುಗಿಯಿತು ಎನ್ನುವವರಿಗೆ ನಾನು ತೋರಿಸುವುದು ಈ ಲೆಕ್ಕವನ್ನೇ.

● ಆರ್‌ಸಿಸಿಬಿ ಲೆಕ್ಕ ಹಾಕುವ ರೀತಿಯೇ ಬೇರೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ಮರಳಿ ಬರಬೇಕು. ಕಡಿಮೆ ಬಂದರೆ ಎಲ್ಲೋ ಸೋರಿದೆ, ಯಾರದೋ ಮೈ ಮೂಲಕವೂ ಇರಬಹುದು. ವ್ಯತ್ಯಾಸ 30 ಮಿಲಿಆಂಪಿಯರ್ ಆದರೆ ಹೆಚ್ಚೆಂದರೆ 300 ಮಿಲಿಸೆಕೆಂಡಿನಲ್ಲಿ, ಅದರ ಐದು ಪಟ್ಟಾದರೆ 40 ಮಿಲಿಸೆಕೆಂಡಿನಲ್ಲಿ ಅದು ಕಡಿಯಬೇಕು. ತೀರಾ ಸಣ್ಣ ಲೋಡಿನ ಮನೆಗಳನ್ನು ಬಿಟ್ಟರೆ, ಮನೆ ಸಂಪರ್ಕಗಳಿಗೆ 30 ಮಿಲಿಆಂಪಿಯರ್ ಮೀರದ ಇಂಥ ಸಾಧನ ಇರಲೇಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಹೇಳುತ್ತವೆ. ಅಂಗಡಿಯಲ್ಲಿ 100, 300 ಮಿಲಿಆಂಪಿಯರಿನವೂ ಸಿಗುತ್ತವೆ. ಜೀವ ಉಳಿಸಲು ಬೇಕಾದದ್ದು 30ರದ್ದು.

● ಆದರೆ ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವರನ್ನು ಆರ್‌ಸಿಸಿಬಿ ಕಾಪಾಡಲಾರದು. ಹೋದದ್ದೆಲ್ಲ ಮರಳಿ ಬರುತ್ತಿದೆ, ಅದರ ಲೆಕ್ಕ ಸರಿಯಾಗಿಯೇ ಇದೆ. ಓವರ್‌ಲೋಡನ್ನೂ ಅದು ನೋಡುವುದಿಲ್ಲ. ಹಾಗಾಗಿ ಎಂಸಿಬಿ, ಆರ್‌ಸಿಸಿಬಿ ಎರಡೂ ಬೇಕು. ಎರಡನ್ನೂ ಒಂದರಲ್ಲೇ ಸೇರಿಸಿದ್ದಕ್ಕೆ ಆರ್‌ಸಿಬಿಒ ಎನ್ನುತ್ತಾರೆ. ಬೆಲೆ ಹೆಚ್ಚು, ಆದರೆ ಗೀಸರಿಗೊಂದು ಪ್ರತ್ಯೇಕ ಹಾಕಿಸಿದರೆ ಗೀಸರ್ ಕೆಟ್ಟಾಗ ಇಡೀ ಮನೆ ಕತ್ತಲಾಗುವುದಿಲ್ಲ.

● ‘ಫ್ರಿಜ್ ಮುಟ್ಟಿದ್ರೆ ಜುಮ್ ಅನ್ನುತ್ತೆ, ಚಪ್ಪಲಿ ಹಾಕ್ಕೊಂಡು ತೆಗಿ.’ ಈ ಮಾತು ಕೇಳದ ಮನೆಯಿಲ್ಲ. ಆ ಜುಮ್ ಎಂದರೆ ಫ್ರಿಜ್ಜಿನ ಮೈಯಲ್ಲಿ ಕರೆಂಟಿದೆ, ಅರ್ತ್ ಕೆಲಸ ಮಾಡುತ್ತಿಲ್ಲ ಎಂದು. ಚಪ್ಪಲಿ ಅದಕ್ಕೆ ರಿಪೇರಿಯಲ್ಲ. ಮಗು ಬರಿಗಾಲಲ್ಲೇ ಓಡಿಬಂದು ಬಾಗಿಲು ಎಳೆಯುತ್ತದೆ.

● ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ ಉದ್ದ, ದಪ್ಪ ಯಾಕೆ? ಒಳಹೋಗುವಾಗ ಅರ್ತ್ ಮೊದಲು ಸೇರಲಿ, ಹೊರಬರುವಾಗ ಕೊನೆಗೆ ಬಿಡಲಿ ಎಂದು ಉದ್ದ. ತಪ್ಪಿಯೂ ಫೇಸಿನ ತೂತಿಗೆ ತೂರದಿರಲಿ ಎಂದು ದಪ್ಪ. ನಮ್ಮ ಈ ಗುಂಡು ಪಿನ್ನುಗಳು ಬ್ರಿಟನ್ನಿನ ಹಳೆಯ ಮಾದರಿಯಿಂದ ಬಂದವು. ಅಲ್ಲಿನವರು 1947ರಿಂದಾಚೆಗೆ ಆಯತಾಕಾರದ ಪಿನ್ನಿಗೆ ಬದಲಾದರು, ನಾವು ಗುಂಡನ್ನೇ ಉಳಿಸಿಕೊಂಡೆವು.

● ಅರ್ತ್ ಇಲ್ಲದ ಮನೆಯಲ್ಲಿ, ಸಾಕೆಟ್ಟಿನ ಒಳಗೇ ಅರ್ತ್ ಪಾಯಿಂಟಿಗೂ ನ್ಯೂಟ್ರಲಿಗೂ ಒಂದು ತುಂಡು ವೈರ್ ಸೇರಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಎಲ್ಲಾದರೂ ನ್ಯೂಟ್ರಲ್ ಕಡಿದರೆ ಆ ಗಳಿಗೆಯಲ್ಲೇ ವಾಷಿಂಗ್ ಮೆಷಿನ್ನಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ. ಅರ್ತ್ ಇಲ್ಲದಿರುವುದಕ್ಕಿಂತ ಇದು ಕೆಟ್ಟದ್ದು.

● ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಬೀದಿಯ ಕೆಲವು ಮನೆಗಳಲ್ಲಿ ದೀಪ ಮಂಕಾಗುತ್ತದೆ, ಕೆಲವು ಮನೆಗಳಲ್ಲಿ ಝಗ್ಗೆಂದು ಉರಿಯುತ್ತದೆ, ಟಿವಿ ಸುಡುತ್ತದೆ. ಬೇರೆ ಬೇರೆ ಫೇಸಿನ ಮನೆಗಳು ತಮ್ಮೊಳಗೇ ಜೋಡಿಯಾಗಿ 400 ವೋಲ್ಟನ್ನು ಹಂಚಿಕೊಳ್ಳುವುದು ಇದಕ್ಕೆ ಕಾರಣ. ಎಂಸಿಬಿ ಇದನ್ನು ತಡೆಯದು, ವೋಲ್ಟೇಜ್ ಹೆಚ್ಚಾದರೆ ಕಡಿಯುವ ಸಾಧನ ಬೇರೆಯೇ ಇದೆ. ಅಂಥ ಹೊತ್ತಿನಲ್ಲಿ ಮೊದಲು ಮೇನ್ ಆಫ್ ಮಾಡಿ, ಆಮೇಲೆ ವಿದ್ಯುತ್ ದೂರಿನ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

● ಮೇನ್ ಸ್ವಿಚ್ ಆಫ್ ಮಾಡಿದರೂ ಅದರ ಮೇಲಿನ ಎರಡು ವೈರುಗಳಲ್ಲಿ, ಮೀಟರಿನಲ್ಲಿ, ಮೀಟರಿಗೆ ಬರುವ ಸರ್ವಿಸ್ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಬೋರ್ಡ್ ಬದಲಿಸುವುದು ಯೂಟ್ಯೂಬ್ ನೋಡಿ ಮಾಡುವ ಕೆಲಸವಲ್ಲ ಎನ್ನುವುದು ಇದಕ್ಕೇ. ಮೀಟರಿನ ಸೀಲನ್ನು ನೀವೂ ಮುಟ್ಟುವಂತಿಲ್ಲ, ನಿಮ್ಮ ಎಲೆಕ್ಟ್ರಿಷಿಯನ್ನೂ ಮುಟ್ಟುವಂತಿಲ್ಲ. ಕಂಬದಲ್ಲಿ ಸಂಪರ್ಕ ತೆಗೆಯಬೇಕಾದವರು ಲೈನ್‌ಮ್ಯಾನ್. ಕೆಲಸವನ್ನು ಸರ್ಕಾರದ ಪರವಾನಗಿ ಇರುವ ಗುತ್ತಿಗೆದಾರರಿಗೇ ಕೊಡಿ.

● ಹೊರದೇಶದ ಹಲವು ಸಾಮಾನುಗಳ ವೈರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ನಮ್ಮ ಮನೆಗಳ ಹಳೆಯ ವೈರಿಂಗಿನಲ್ಲಿ ಕಪ್ಪು ನ್ಯೂಟ್ರಲ್, ನೀಲಿ ಮೂರನೆಯ ಫೇಸ್. ಬಣ್ಣ ನೋಡಿ ನಂಬಬೇಡಿ, ಅಳೆಯಲು ಹೇಳಿ.

● ಹಳೆಯ ಕೆಲವು ದೊಡ್ಡ ಫ್ಯೂಸ್ ಕ್ಯಾರಿಯರ್‌ಗಳೊಳಗೆ ಕಿಡಿ ತಡೆಯಲು ಬಿಳಿ ನಾರಿನ ಪದರ ಇರುತ್ತದೆ. ಅದು ಕಲ್ನಾರು ಇರಬಹುದು. ಕೆರೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ.

● ಹೊಸ ಬೋರ್ಡಿಗೆ ಕರೆಂಟು ಕೊಡುವ ಮೊದಲು ರೋಧ ಅಳೆಯುವ ಮೆಗ್ಗರ್ ಹಚ್ಚಿ ವೈರಿಂಗಿನ ಹೊದಿಕೆ ಪರೀಕ್ಷಿಸಬೇಕು. 500 ವೋಲ್ಟ್ ಕೊಟ್ಟಾಗ ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಬಟ್ಟೆ ಹೊದಿಸಿದ ಹಳೆಯ ರಬ್ಬರ್ ವೈರ್ ಇದ್ದರೆ, ಬಾಗಿಸಿದ ಕಡೆ ರಬ್ಬರ್ ಪುಡಿಯಾಗಿ ಉದುರುವುದು ಕಣ್ಣಿಗೇ ಕಾಣುತ್ತದೆ. ಅಂಥ ಮನೆಯಲ್ಲಿ ಬೋರ್ಡ್ ಒಂದನ್ನೇ ಬದಲಿಸುವುದು ದುಡ್ಡು ದಂಡ, ವೈರಿಂಗೂ ಹೊಸದಾಗಬೇಕು.

● ಆರ್‌ಸಿಸಿಬಿಯ ಮೇಲೆ ‘ಟಿ’ ಎಂದು ಬರೆದ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಟಕ್ಕೆಂದು ಬೀಳಬೇಕು. ಬೀಳದಿದ್ದರೆ ಬದಲಿಸಿ.

● ಹೊಸ ಆರ್‌ಸಿಸಿಬಿ ಮೊದಲ ವಾರ ಪದೇ ಪದೇ ಬೀಳುವುದುಂಟು. ಆಗ ಬರುವ ಸಲಹೆ ಎಲ್ಲ ಕಡೆ ಒಂದೇ: ‘ಸಾರ್, ಇದು ನಿಮ್ಮ ಮನೆಗೆ ಸೆಟ್ ಆಗಲ್ಲ, ಡೈರೆಕ್ಟ್ ಮಾಡಿಬಿಡ್ತೀನಿ.’ ದಯವಿಟ್ಟು ಒಪ್ಪಬೇಡಿ. ಇಷ್ಟು ವರ್ಷ ಕಾಣದಿದ್ದ ಸೋರಿಕೆಯನ್ನು ಅದು ಈಗ ತೋರಿಸುತ್ತಿದೆ. ಎಲ್ಲ ಎಂಸಿಬಿ ಇಳಿಸಿ, ಒಂದೊಂದಾಗಿ ಏರಿಸಿ. ಯಾವುದನ್ನು ಏರಿಸಿದಾಗ ಬೀಳುತ್ತದೋ ಆ ಸಾಲಿನ ಸಾಮಾನುಗಳ ಪ್ಲಗ್ ಕಿತ್ತು ನೋಡಿ. ಸುಟ್ಟ ಗೀಸರ್ ಕಾಯಿಲ್, ನೀರು ಕುಡಿದ ಪಂಪ್, ತೇವ ಹಿಡಿದ ಹೊರಗೋಡೆಯ ಸ್ವಿಚ್‌ಬೋರ್ಡ್, ಇವು ಮೊದಲ ಆರೋಪಿಗಳು. ಎಲ್ಲ ಎಂಸಿಬಿ ಇಳಿಸಿದ ಮೇಲೂ ಬೀಳುತ್ತಿದ್ದರೆ ಎಲ್ಲೋ ನ್ಯೂಟ್ರಲ್ ಅರ್ತಿಗೆ ತಗುಲಿದೆ, ಇಲ್ಲವೇ ಇನ್ವರ್ಟರಿನ ನ್ಯೂಟ್ರಲ್ ಮನೆಯ ನ್ಯೂಟ್ರಲಿನೊಂದಿಗೆ ಬೆರೆತಿದೆ. ಸಾಮಾನ್ಯ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಸೇರಿಕೊಂಡೇ ಇರುತ್ತದೆ. ಆಗ ಎಲೆಕ್ಟ್ರಿಷಿಯನ್ ಮೇನ್ ಇಳಿಸಿ, ಡಿಬಿಯೊಳಗಿನ ನ್ಯೂಟ್ರಲ್ ಪಟ್ಟಿಯಿಂದ ವೈರುಗಳನ್ನು ಒಂದೊಂದಾಗಿ ಬಿಚ್ಚಿ ಹುಡುಕಬೇಕು. ಅರ್ಧ ದಿನದ ಕೆಲಸ. ಆ ಅರ್ಧ ದಿನದ ಕೂಲಿಯನ್ನು ಮೊದಲೇ ಮಾತಾಡಿಕೊಳ್ಳಿ.